ಹವ್ಯಾಸ ಯಾರದು, ಚಟ ಯಾರದು

ಕೀಲ್ಪಾಕಿನ ಆರ್ಮ್ಸ್ ರಸ್ತೆಯಿಂದ ಒಳಗೆ ತಿರುಗುವ ಒಂದು ಬೀದಿಯಲ್ಲಿ, ಮೂರನೇ ಮಹಡಿಯ ಮನೆಯೊಂದರ ಹಜಾರದಲ್ಲಿ ಗಾಜಿನ ಬೀರು ಇದೆ. ಅದರೊಳಗೆ ನಲವತ್ತಕ್ಕೂ ಹೆಚ್ಚು ಪೈಪುಗಳು. ಎಲ್ಲವೂ ಬ್ರಯರ್ ಮರದವು, ಒಂದೆರಡು ಬಿಟ್ಟರೆ ಎಲ್ಲವೂ ಜರ್ಮನಿಯಲ್ಲಿ ಮಾಡಿದವು. ಯಜಮಾನರು ನಿವೃತ್ತ ಎಂಜಿನಿಯರ್. ತಂದೆಯ ಕಾಲಕ್ಕೆ ಉಡುಪಿ ಕಡೆಯಿಂದ ಮದ್ರಾಸಿಗೆ ಬಂದ ಸಂಸಾರ; ಪೂನಮಲ್ಲಿ ಹೈರೋಡಿನಲ್ಲಿ ದಾಸಪ್ರಕಾಶ್ ಹೋಟೆಲಿದ್ದ ದಿನಗಳನ್ನು ನೆನೆದು ಈಗಲೂ ಮಾತಾಡುವ ಮನೆ. ಹೆಸರು ಬೇಡ, ರಾಯರು ಎಂದರೆ ಸಾಕು. ಅಂಥ ರಾಯರು ಬೆಂಗಳೂರಿನ ಬಸವನಗುಡಿಯಲ್ಲೂ ಸಿಗುತ್ತಾರೆ, ಮುಂಬೈಯ ಮಾಟುಂಗಾದಲ್ಲೂ ಸಿಗುತ್ತಾರೆ.

ಒಂದು ಭಾನುವಾರ ಏಳು ವರ್ಷದ ಮೊಮ್ಮಗ ಬೀರುವಿನಿಂದ ಬಾಗಿದ ಕೊಳವೆಯ ಪೈಪೊಂದನ್ನು ತೆಗೆದು ಬಾಯಿಗಿಟ್ಟುಕೊಂಡ. ಹುಬ್ಬು ಗಂಟಿಕ್ಕಿ, ಕಿಟಕಿಯ ಕಡೆ ನೋಡಿ, ಇಲ್ಲದ ಹೊಗೆಯನ್ನು ಬಿಟ್ಟ. ಮನೆಯೆಲ್ಲ ನಕ್ಕಿತು. 'ಥೇಟ್ ಅಜ್ಜ!' ಅಂದರು. ಫೋಟೊ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು, ಮಂಗಳೂರಿನಿಂದ ನ್ಯೂಜೆರ್ಸಿಯವರೆಗೆ ಹೃದಯದ ಚಿಹ್ನೆಗಳು ಬಂದವು. ಅದೇ ವಾರ ಕೆಳಗೆ ಗೇಟಿನ ಬಳಿ ಬೀಡಿ ಹಚ್ಚಿದ್ದಕ್ಕೆ ವಾಚ್‌ಮನ್‌ಗೆ ಅಪಾರ್ಟ್‌ಮೆಂಟ್ ಸಂಘದವರಿಂದ ಬೈಗುಳ ಸಿಕ್ಕಿತ್ತು. ಮಕ್ಕಳು ಓಡಾಡುವ ಜಾಗ ಎಂಬುದು ಕಾರಣ. ಕಾರಣ ಸರಿಯಾದದ್ದೇ. ಸಂಘದ ಆ ಸಭೆಯಲ್ಲಿ ರಾಯರೂ ಕೈ ಎತ್ತಿದ್ದರು. ಆ ಮಗು ಬಾಯಿಗಿಟ್ಟುಕೊಂಡದ್ದು ವಾಚ್‌ಮನ್ ಎಸೆದ ಬೀಡಿಯ ತುಂಡಾಗಿದ್ದರೆ ಯಾರೂ ಫೋಟೊ ತೆಗೆಯುತ್ತಿರಲಿಲ್ಲ. ಬೆನ್ನಿಗೆ ಒಂದು ಬೀಳುತ್ತಿತ್ತು, ಬಾಯಿ ತೊಳೆಸುತ್ತಿದ್ದರು, ವಾಚ್‌ಮನ್ ಕೆಲಸ ಕಳೆದುಕೊಳ್ಳುತ್ತಿದ್ದ.

ಕನ್ನಡ ಈ ಭೇದಕ್ಕೆ ಎರಡು ಪದಗಳನ್ನು ಸಿದ್ಧವಾಗಿ ಇಟ್ಟುಕೊಂಡಿದೆ. ರಾಯರದು ಹವ್ಯಾಸ, ವಾಚ್‌ಮನ್‌ನದು ಚಟ. ಎರಡರಲ್ಲೂ ಉರಿಯುವುದು ಹೊಗೆಸೊಪ್ಪು, ಎರಡರಲ್ಲೂ ಮನುಷ್ಯನನ್ನು ಮರಳಿ ಮರಳಿ ಕರೆಯುವುದು ನಿಕೋಟಿನ್. ಆದರೂ ಪೈಪು ಸೇದುವವರಿಗೆ ಚಟ ಇದೆ ಎಂದು ಯಾರೂ ಅನ್ನುವುದಿಲ್ಲ, ಬೀಡಿ ಸೇದುವವನ ಹವ್ಯಾಸ ಎಂದರೆ ಅದು ವ್ಯಂಗ್ಯವಾಗಿ ಕೇಳಿಸುತ್ತದೆ. ತಮಾಷೆಯೆಂದರೆ ನಿಪ್ಪಾಣಿ ದಾಟಿ ಮರಾಠಿಗೆ ಕಾಲಿಟ್ಟರೆ ಇದೇ 'ಹವ್ಯಾಸ' ಪದಕ್ಕೆ ಅತಿಯಾಸೆ, ಹಪಹಪಿ ಎಂಬ ಅರ್ಥ. ಗಡಿಯಾಚೆಯವರು ಸತ್ಯಕ್ಕೆ ಕೊಂಚ ಹತ್ತಿರವಿದ್ದಾರೆ. ಆ ನಿಪ್ಪಾಣಿಯಾದರೋ ಬೀಡಿ ತಂಬಾಕಿನ ಊರು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಗೆ ಇಳಿದ ಊರು.

ರಾಯರ ಪ್ರೀತಿಯಲ್ಲಿ ಹುರುಳಿಲ್ಲ ಎಂದು ಹೇಳಲಾಗದು. ಬ್ರಯರ್ ಪೈಪು ನಿಜಕ್ಕೂ ಚೆಂದದ ವಸ್ತು. ಇಂಗ್ಲಿಷ್ ನಿಘಂಟನ್ನು ನಂಬಿ ಆ ಪದದ ಹಿಂದೆ ಹೋದರೆ ಮುಳ್ಳುಪೊದೆಗೆ ಹೋಗಿ ಸಿಕ್ಕಿಕೊಳ್ಳಬೇಕಾಗುತ್ತದೆ. ಇದು ಆ ಬ್ರಯರ್ ಅಲ್ಲ. ಫ್ರೆಂಚಿನ ಬ್ರುಯೇರ್ ಇಂಗ್ಲಿಷರ ಬಾಯಲ್ಲಿ ಹಾಗಾಯಿತು. ಎರಿಕಾ ಆರ್ಬೋರಿಯಾ ಎಂಬ ಈ ಗಿಡ ಮೆಡಿಟರೇನಿಯನ್ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುತ್ತದೆ. ಅದರ ಬೇರಿಗೂ ಕಾಂಡಕ್ಕೂ ನಡುವೆ, ಮಣ್ಣಿನೊಳಗೆ ಒಂದು ಗಂಟು ಕಟ್ಟುತ್ತದೆ. ಬೆಂಕಿ ಬಿದ್ದು ಮೇಲಿನ ಗಿಡ ಸುಟ್ಟುಹೋದರೂ ಮತ್ತೆ ಚಿಗುರುವುದಕ್ಕೆ ಗಿಡ ಮಾಡಿಕೊಂಡ ಉಪಾಯ ಅದು. ದಶಕಗಳ ಕಾಲ ಬೆಳೆದ ಆ ಗಂಟನ್ನು ಅಗೆದು ತೆಗೆದು, ಒಣಗದಂತೆ ಒದ್ದೆಯಾಗಿಟ್ಟು, ತುಂಡು ಮಾಡಿ, ರಸವೆಲ್ಲ ಇಳಿಯುವವರೆಗೆ ಗಂಟೆಗಟ್ಟಲೆ ಕುದಿಸಿ, ಆಮೇಲೆ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಅವಸರ ಮಾಡಿದರೆ ಬಿರುಕು. ಬೆಂಕಿಗೆ ಜಗ್ಗದ ಗುಣ ಹುಟ್ಟಿನಿಂದಲೇ ಬಂದದ್ದು, ಆದ್ದರಿಂದಲೇ ಕೆಂಡವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೂ ಪೈಪು ಸುಡುವುದಿಲ್ಲ. ಅದೃಷ್ಟವಿದ್ದರೆ ಬಟ್ಟಲಿನ ಒಂದು ಮಗ್ಗುಲಲ್ಲಿ ನೇರ ಎಳೆಗಳು, ಅಡ್ಡಕ್ಕೆ ನೋಡಿದರೆ ಹಕ್ಕಿಯ ಕಣ್ಣಿನಂಥ ಚುಕ್ಕೆಗಳು. ರಾಯರು ಬೆಳಕಿಗೆ ಹಿಡಿದು ತೋರಿಸುವುದು ಇದನ್ನೇ. ತೋರಿಸುವಾಗ ಅವರ ಮುಖದಲ್ಲಿ ಜಂಬ ಇರುವುದಿಲ್ಲ, ಮಗುವಿನ ಖುಷಿ ಇರುತ್ತದೆ.

ಜರ್ಮನಿಯ ಕಥೆಯೂ ಚೆನ್ನಾಗಿದೆ. ನ್ಯೂರೆಂಬರ್ಗಿನ ಫೌಎನ್ ಕಂಪನಿ ತನ್ನ ಹುಟ್ಟನ್ನು 1848ಕ್ಕೆ ಒಯ್ಯುತ್ತದೆ. 1901ರಲ್ಲಿ ಊರಿನ ಎರಡು ಪೈಪು ಕಾರ್ಖಾನೆಗಳು ಒಂದಾಗಿ 'ಸಂಯುಕ್ತ ಪೈಪು ಕಾರ್ಖಾನೆಗಳು, ನ್ಯೂರೆಂಬರ್ಗ್' ಎಂದು ಹೆಸರಿಟ್ಟುಕೊಂಡವು. ಜರ್ಮನ್ನಿನಲ್ಲಿ 'ವಿ' ಅಕ್ಷರಕ್ಕೆ ಫೌ ಎನ್ನುತ್ತಾರೆ. ಸಂಯುಕ್ತ ಎಂಬ ಜರ್ಮನ್ ಪದದ ಮೊದಲ ಅಕ್ಷರ ಫೌ, ಊರಿನ ಹೆಸರಿನ ಮೊದಲ ಅಕ್ಷರ ಎನ್. ಎರಡನ್ನೂ ಉಚ್ಚರಿಸಿದಂತೆಯೇ ಬರೆದರೆ ಫೌಎನ್. ಕಂಪನಿಯ ಹೆಸರೇ ಒಂದು ಕಾಗುಣಿತದ ಆಟ. ಬಾಯಿತುಂಡಿನ ಮೇಲೆ ಬಿಳಿ ಚುಕ್ಕೆ ಇಡುತ್ತಾರೆ; ಲಂಡನ್ನಿನ ಡನ್‌ಹಿಲ್ ಪೈಪಿಗೂ ಬಿಳಿ ಚುಕ್ಕೆಯೇ ಗುರುತು, ಹೊಸಬರು ಮೋಸಹೋಗುವುದು ಅಲ್ಲಿ. ಟೋಲ್ಕಿನ್ ಕಾದಂಬರಿಯ ಹಾಬಿಟ್‌ಗಳ ನಾಡಿಗೆ ಜರ್ಮನ್ ಅನುವಾದದಲ್ಲಿ ಔಎನ್‌ಲಾಂಡ್ ಎಂಬ ಹೆಸರಿದೆ. ಅದೇ ಹೆಸರಿನಲ್ಲಿ ಫೌಎನ್ ಉದ್ದ ಕೊಳವೆಯ ಪೈಪುಗಳನ್ನು ಮಾಡಿ ಮಾರುತ್ತದೆ. ಅನುವಾದಕರೊಬ್ಬರು ಹುಡುಕಿದ ಪದ ಕಾರ್ಖಾನೆಯ ಸರಕಿನ ಹೆಸರಾದದ್ದು ಕಡಿಮೆ ಮಾತಲ್ಲ.

ಇಷ್ಟಾದ ಮೇಲೆ 'ಜರ್ಮನ್ ಮೇಕ್' ಎಂಬ ಮಂತ್ರ. ರಾಯರು ಆ ಎರಡು ಪದಗಳನ್ನು ಹೇಳುವಾಗ ದನಿ ತಗ್ಗುತ್ತದೆ. ನಮ್ಮಲ್ಲಿ ಈ ಮಂತ್ರಕ್ಕೆ ದೊಡ್ಡ ಚರಿತ್ರೆಯಿದೆ. ಪೂಜೆಯ ತಟ್ಟೆಯ ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ಲುಗಳ ಬೆರಕೆ, ಬಹುಪಾಲು ಇಲ್ಲಿಯದೇ. ಉತ್ತರ ಕರ್ನಾಟಕದಲ್ಲಿ ಜರ್ಮನ್ ಪಾತ್ರೆ ಎಂದರೆ ಅಲ್ಯೂಮಿನಿಯಂ. ರಾಯರ ಪೈಪಿನ ಮರವೂ ಜರ್ಮನಿಯದಲ್ಲ, ಆ ಗಿಡ ನ್ಯೂರೆಂಬರ್ಗಿನ ಚಳಿಯಲ್ಲಿ ಬೆಳೆಯುವುದಲ್ಲ. ಕಪ್ಪು ಬಾಯಿತುಂಡು ಎಬೊನೈಟಿನದಾದರೆ ಅದು ಗಟ್ಟಿ ಮಾಡಿದ ರಬ್ಬರು, ಅಂದರೆ ಯಾವುದೋ ಬಿಸಿ ದೇಶದ ಮರದ ಹಾಲು. ಹಾಗಿದ್ದರೆ ಆ ಪೈಪಿನಲ್ಲಿ ಜರ್ಮನಿಯದು ಏನು? ಕೆಲಸ. ಹೊಗೆಯ ಕೊಳವೆ ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರುವಂತೆ ಕೊರೆಯುವ ಕೈ, ಕೊಳವೆಯೂ ಬಾಯಿತುಂಡೂ ಬೆಳಕು ನುಸುಳದಂತೆ ಕೂಡಿಸುವ ಕಣ್ಣು. ರಾಯರು ದುಡ್ಡು ಕೊಟ್ಟು ಗಾಜಿನೊಳಗೆ ಇಟ್ಟಿರುವುದು ದುಡಿಮೆಯನ್ನು. ಇದು ಗೌರವದ ವಿಷಯ, ಜಗಳವೂ ಇಲ್ಲಿಂದಲೇ ಶುರು.

ಏಕೆಂದರೆ ದುಡಿಮೆಯನ್ನು ಮೆಚ್ಚುವ ಕಣ್ಣು ನ್ಯೂರೆಂಬರ್ಗಿನಲ್ಲಿ ತೆರೆದು ಪುತ್ತೂರು, ಬಂಟ್ವಾಳದಲ್ಲಿ ಮುಚ್ಚುವುದು ಹೇಗೆ? ರಾಯರ ಸ್ವಂತ ಊರಿನ ಸುತ್ತಲಿನ ಮನೆಗಳಲ್ಲಿ ಹೆಂಗಸರು ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಸಂಸಾರ ನಡೆಸಿದರು, ಈಗಲೂ ನಡೆಸುವವರಿದ್ದಾರೆ. ಎಲೆಯನ್ನು ನೆನೆಸಿ, ಅಳತೆಯ ತಗಡು ಇಟ್ಟು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹರಡಿ, ಒಂದೇ ಹೊರಳಿಗೆ ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಮಡಚಿ ನೂಲು ಕಟ್ಟುವ ಕೆಲಸ. ಕೂಲಿ ಸಾವಿರದ ಲೆಕ್ಕ. ಬ್ರಾಂಚಿನಲ್ಲಿ ಕೊಟ್ಟಾಗ ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗಳ ನಷ್ಟ ಕಟ್ಟಿದವರದು. ಬೀಡಿ ಕೆಲಸಗಾರರಿಗೆಂದು 1966ರಲ್ಲಿ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಕೆಲಸಗಾರ್ತಿಯ ಹೊಗೆಸೊಪ್ಪಿನ ಧೂಳು, ಕತ್ತುನೋವು, ಬೆನ್ನುನೋವು ಹಾಗೇ ಉಳಿದವು. ಆ ಬೆರಳುಗಳ ವೇಗವನ್ನು ನ್ಯೂರೆಂಬರ್ಗಿನ ಯಾವ ಕೊರೆಯುವವನ ಮುಂದೆಯೂ ಇಡಬಹುದು. ರಾಯರ ಬೀರುವಿನಲ್ಲಿ ಅಂಥ ಒಂದು ಅಳತೆಯ ತಗಡಿಲ್ಲ, ಒಂದು ಕತ್ತರಿ ಇಲ್ಲ. ಕೇಳಿದರೆ 'ಅದನ್ನು ಯಾರು ಸಂಗ್ರಹಿಸುತ್ತಾರೆ ಮಾರಾಯ್ರೆ?' ಅನ್ನುತ್ತಾರೆ.

ಬಟ್ಟಲಿಗೆ ತುಂಬುವ ಸೊಪ್ಪಿನ ಮಾತೂ ಅಷ್ಟೇ. ಡಬ್ಬಿಯ ಮೇಲೆ ವರ್ಜೀನಿಯಾ ಎಂಬ ಹೆಸರು ಓದಿದಾಗ ರಾಯರಿಗೆ ಅಮೆರಿಕದ ಹೊಲಗಳು ನೆನಪಾಗುತ್ತವೆ. ಅದೇ ವರ್ಜೀನಿಯಾವನ್ನು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ರೈತರು ಮಳೆಗಾಲದಲ್ಲಿ ಬೆಳೆದು, ಹದ ಮಾಡುವ ಬ್ಯಾರನ್ನಿನ ಒಲೆಗೆ ರಾತ್ರಿಯಿಡೀ ಸೌದೆ ಒಟ್ಟಿ, ತಂಬಾಕು ಮಂಡಳಿಯ ಹರಾಜುಕಟ್ಟೆಯಲ್ಲಿ ದರಕ್ಕಾಗಿ ಕಾಯುತ್ತಾರೆ. ಅದರಲ್ಲಿ ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ಪೈಪಿನ ರಸಿಕರು ಮರದ ಎಳೆಯನ್ನು ಓದಬಲ್ಲರು, ಸೊಪ್ಪಿನ ಹಿಂದಿನ ಸೌದೆಯ ಲೆಕ್ಕವನ್ನು ಓದಲಾರರು.

ರಾಯರ ಬಳಿ ಮೂರು ಸಮಾಧಾನಗಳಿವೆ, ಎಲ್ಲ ಪೈಪುದಾರರ ಬಳಿಯೂ ಅವೇ ಇರುತ್ತವೆ. ಹೊಗೆಯನ್ನು ಎದೆಗೆ ಎಳೆಯುವುದಿಲ್ಲ ಎಂಬುದು ಮೊದಲನೆಯದು. ಅದರಲ್ಲಿ ಅರ್ಧ ಸತ್ಯವಿದೆ: ಎದೆಗೆ ಎಳೆಯದವರಿಗೆ ಶ್ವಾಸಕೋಶದ ಅಪಾಯ ಸಿಗರೇಟಿನವರಿಗಿಂತ ಕಡಿಮೆ, ಸೇದದವರಿಗಿಂತ ಹೆಚ್ಚು. ತುಟಿ, ನಾಲಗೆ, ಗಂಟಲಿಗೆ ಆ ರಿಯಾಯಿತಿಯೂ ಇಲ್ಲ. ಬಾಯಿಯ ಒಳಚರ್ಮವೇ ನಿಕೋಟಿನನ್ನು ಹೀರಿಕೊಳ್ಳುತ್ತದೆ, ಎದೆಯವರೆಗೆ ಹೋಗಬೇಕಿಲ್ಲ. ಪೈಪು ಸೇದುವವರ ತುಟಿಗೆ ಕ್ಯಾನ್ಸರ್ ಬರುವುದನ್ನು ಗುರುತಿಸಿ 1795ರಲ್ಲೇ ಬರೆದವರು ಸೋಮರಿಂಗ್ ಎಂಬ ಅಂಗರಚನಾ ಪಂಡಿತರು. ಅವರೂ ಜರ್ಮನ್ ಮೇಕ್. ರಾಯರ ಗಾಜಿನ ಬೀರುವಿನಲ್ಲಿ ಈ ಒಂದು ಜರ್ಮನ್ ವಸ್ತುವಿಗೆ ಜಾಗ ಸಿಕ್ಕಿಲ್ಲ.

ಎರಡನೆಯದು ಫಿಲ್ಟರ್. ಜರ್ಮನ್ ಪೈಪುಗಳಲ್ಲಿ 9 ಮಿಲಿಮೀಟರ್ ಅಗಲದ ಇದ್ದಿಲು ಫಿಲ್ಟರ್ ಕೂರುವಷ್ಟು ಜಾಗ ಕೊರೆದಿರುತ್ತಾರೆ. ಸೇದಿದ ಮೇಲೆ ಅದನ್ನು ಹೊರತೆಗೆದು ಕಂದು ಬಣ್ಣ ತೋರಿಸಿ 'ನೋಡಿ, ಇಷ್ಟೆಲ್ಲ ಇಲ್ಲೇ ನಿಂತಿತು' ಎನ್ನುವುದು ರೂಢಿ. ನಿಲ್ಲದೆ ದಾಟಿಹೋದದ್ದನ್ನು ತೋರಿಸುವುದಕ್ಕೆ ಅವರ ಬಳಿ ಏನೂ ಇಲ್ಲ. ಮೂರನೆಯದು ನಿಧಾನ: ಪೈಪು ಧ್ಯಾನದಂತೆ, ಅವಸರದ ಸಿಗರೇಟಿನಂತಲ್ಲ. ಗೇಟಿನ ಬಳಿ ಹನ್ನೆರಡು ಗಂಟೆ ಕೂರುವವನ ಬೀಡಿಯೂ ಅವಸರದ್ದಲ್ಲ, ಬೇಕಾದರೆ ಹೋಗಿ ಕೇಳಬಹುದು.

ಬೀಡಿ ಪೈಪಿಗಿಂತ ಮೇಲು ಎಂಬ ವಾದ ಇಲ್ಲಿಲ್ಲ. ಬೀಡಿ ಕೊಲ್ಲುತ್ತದೆ, ಎದೆಗೆ ಎಳೆದು ಸೇದುವುದರಿಂದ ಪೈಪಿಗಿಂತ ಬೇಗ ಕೊಲ್ಲಬಹುದು. ವಾಚ್‌ಮನ್‌ಗೆ ಗೇಟಿನ ಬಳಿ ಬೀಡಿ ಬೇಡ ಎಂದದ್ದು ನ್ಯಾಯ. ಅನ್ಯಾಯ ಇರುವುದು ಬೇಡ ಎಂಬ ಮಾತು ಮೂರನೇ ಮಹಡಿಗೆ ಹತ್ತದೇ ಇರುವುದರಲ್ಲಿ. ಕೀಲ್ಪಾಕ್ ಎಂಬ ಹೆಸರಿನ ತಮಿಳಿನ 'ಕೀೞ್' ಕೆಳಗೆ ಎಂದೂ ಹೇಳುತ್ತದೆ, ಪೂರ್ವ ಎಂದೂ ಹೇಳುತ್ತದೆ, ಅಲ್ಲಿ ಅದು ನೆಲದ ಇಳಿಜಾರಿನ ಮಾತು. ಅದೇ ಬೇರಿನ ಪದ ಕನ್ನಡದಲ್ಲಿ 'ಕೀಳು' ಆಗಿ ಮನುಷ್ಯರನ್ನು ಅಳೆಯುವುದಕ್ಕೆ ನಿಂತಿತು. ಒಂದು ಕಟ್ಟಡದೊಳಗೆ ಎರಡೂ ಅರ್ಥಗಳು ಕೂಡಿಬಂದಿವೆ.

ಕಾನೂನಿನ ಕಣ್ಣಿಗೆ ಭೇದವಿಲ್ಲ. 2003ರ ತಂಬಾಕು ಕಾಯ್ದೆಯ ಪಟ್ಟಿಯಲ್ಲಿ ಬೀಡಿಯೂ ಇದೆ, ಪೈಪಿನ ತಂಬಾಕೂ ಇದೆ. 2016ರ ಏಪ್ರಿಲ್‌ನಿಂದ ಪೊಟ್ಟಣದ ಮುಖ್ಯ ಮುಖದ ಶೇ 85ರಷ್ಟು ಜಾಗದಲ್ಲಿ ರೋಗದ ಚಿತ್ರವೂ ಎಚ್ಚರಿಕೆಯ ಬರಹವೂ ಇರಬೇಕೆಂಬ ನಿಯಮ ಇಬ್ಬರಿಗೂ ಒಂದೇ. ಆದರೆ ರಾಯರು ಡಬ್ಬಿ ತಂದ ದಿನವೇ ಸೊಪ್ಪನ್ನು ಗಾಜಿನ ಭರಣಿಗೆ ಸುರಿದು, ತೇವ ಹೋಗದಂತೆ ಮುಚ್ಚಿ, ಮೇಲೆ ವರ್ಷ ಬರೆದ ಚೀಟಿ ಅಂಟಿಸುತ್ತಾರೆ. ಹಳತಾದಷ್ಟೂ ರುಚಿಯಂತೆ. ಚಿತ್ರವಿದ್ದ ಡಬ್ಬಿ ಕಸಕ್ಕೆ ಹೋಗುತ್ತದೆ. ವಾಚ್‌ಮನ್ ಹುಣ್ಣು ಬಿದ್ದ ಬಾಯಿಯ ಚಿತ್ರವನ್ನು ಕಟ್ಟು ಮುಗಿಯುವವರೆಗೆ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಾನೆ.

ಬೀರುವನ್ನು ಒಡೆಯಬೇಕಿಲ್ಲ. ಸೇದದೆ, ಬರಿದೇ ಇಟ್ಟು ನೋಡುವ ಸಂಗ್ರಾಹಕರೂ ಇದ್ದಾರೆ. ಪೈಪು ಬಲ್ಲವರು ಅವರನ್ನು ಅರಸಿಕರೆಂದು ನಗುತ್ತಾರೆ. ನಿಜವಾಗಿ ಮರವನ್ನು ಪ್ರೀತಿಸುವವರು ಅವರೇ ಇರಬಹುದು. ರಾಯರಿಗೆ ಸೇದಲೇಬೇಕೆಂದಿದ್ದರೆ ಸೇದಲಿ, ವಯಸ್ಸಾದ ಮನುಷ್ಯರು, ಅವರ ತುಟಿ ಅವರದು. ಆದರೆ ಮನೆಯೊಳಗೆ, ಮೊಮ್ಮಗ ಆಡುವ ಹಜಾರದಲ್ಲಿ ಬೇಡ. ಅಪಾರ್ಟ್‌ಮೆಂಟ್ ಸಂಘದ ನಿಯಮ ಅವರೇ ಕೈ ಎತ್ತಿ ಒಪ್ಪಿದ್ದು. ಯಾರಾದರೂ ಕೇಳಿದರೆ 'ನನಗೊಂದು ಚಟ ಇದೆ' ಅನ್ನಲಿ. ಭರಣಿಯ ಮೇಲೆ ವರ್ಷದ ಚೀಟಿಯ ಪಕ್ಕ ಡಬ್ಬಿಯ ಚಿತ್ರವನ್ನೂ ಕತ್ತರಿಸಿ ಅಂಟಿಸಲಿ. ಊರಿಗೆ ಹೋದಾಗ ಒಂದು ಅಳತೆಯ ತಗಡು, ಒಂದು ಹಳೆಯ ಕತ್ತರಿ ಕೇಳಿ ತಂದು ಫೌಎನ್ ಪೈಪಿನ ಪಕ್ಕ ಇಡಲಿ.

ಈಗ ಬೀರುವಿಗೆ ಬೀಗ ಬಿದ್ದಿದೆ. ಮೊಮ್ಮಗ ಪೈಪು ಬೀಳಿಸಿ ಬಾಯಿತುಂಡಿನ ತುದಿ ಸೀಳಿದ್ದು ಅದಕ್ಕೆ ಕಾರಣ. ಫೋಟೊ ಕುಟುಂಬದ ಗುಂಪಿನಲ್ಲಿ ಹಾಗೇ ಇದೆ.