ಹಿಂದಿನ ಸಾಲಿಗೆ ಸರಿಯುವವರು

ದಪ್ಪಗಿದ್ದೇನೆ ಎಂಬ ನಾಚಿಕೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಮನೆಯವರ ಮಾತು, ಶಾಲೆಯ ಅಡ್ಡಹೆಸರು, ಬಟ್ಟೆ ಅಂಗಡಿಯವನ ನೋಟ ಸೇರಿ ಅದನ್ನು ಕಲಿಸುತ್ತವೆ. ಒಮ್ಮೆ ಕಲಿತರೆ ಹಂಗಿಸಲು ಬೇರೆಯವರೇ ಬೇಕಿಲ್ಲ. ಗ್ರೂಪ್ ಫೋಟೊ ಎಂದರೆ ಸಾಕು, ಹುಡುಗಿ ತಾನಾಗಿಯೇ ಹಿಂದಿನ ಸಾಲಿಗೆ ಸರಿದು ದುಪಟ್ಟಾವನ್ನು ಹೊಟ್ಟೆಯ ಮೇಲೆಳೆದುಕೊಳ್ಳುತ್ತಾಳೆ. ಮದುವೆ ಸೀಸನ್ ಬಂತೆಂದು ದೆಹಲಿಯ ಜಿಮ್‌ಗಳು ಹಂಚುವ ‘ಬ್ರೈಡಲ್ ಪ್ಯಾಕೇಜ್’ ಕರಪತ್ರಗಳು ಬದುಕಿರುವುದೇ ಈ ನಾಚಿಕೆಯ ಮೇಲೆ.

ದೆಹಲಿಯಲ್ಲಿ ದಪ್ಪಗಿರುವವರು ಬೆರಳೆಣಿಕೆಯ ಮಂದಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ಮಹಿಳೆಯರಲ್ಲಿ ಶೇ 41ರಷ್ಟು, ಪುರುಷರಲ್ಲಿ ಶೇ 38ರಷ್ಟು ಮಂದಿಯ ತೂಕ ಹೆಚ್ಚು. ಆದರೂ ಲಾಜಪತ್ ನಗರದ ಅಂಗಡಿ ಮುಂದಿನ ಬೊಂಬೆಗಳ ಸೊಂಟ ಹಿಡಿಯಷ್ಟೇ ಇರುತ್ತದೆ. ‘ಫ್ರೀ ಸೈಜ್’ ಎಂದು ಮಾರುವ ಕುರ್ತಾ ತೋಳಿಗೇ ಏರುವುದಿಲ್ಲ. ಹೌಜ್ ಖಾಸ್‌ನ ಫ್ಯಾಷನ್ ಶಿಕ್ಷಣ ಸಂಸ್ಥೆ ನಿಫ್ಟ್ 1986ರಲ್ಲೇ ಶುರುವಾಯಿತು. ಆರು ನಗರಗಳ 25,000 ಜನರ ಮೈ ಅಳೆದು ಭಾರತೀಯರದ್ದೇ ಅಳತೆಪಟ್ಟಿ ತಯಾರಿಸುವ ‘ಇಂಡಿಯಾಸೈಜ್’ ಯೋಜನೆ ಕೈಗೆತ್ತಿಕೊಂಡದ್ದು ಮಾತ್ರ ಕಳೆದ ದಶಕದ ಕೊನೆಗೆ. ಅಲ್ಲಿಯವರೆಗೆ ಪರದೇಶದ ಅಳತೆಯ ಬಟ್ಟೆ ಹೊಂದದಿದ್ದಾಗಲೆಲ್ಲ ತಪ್ಪು ಮೈಯದೇ ಎಂದು ಕೊಳ್ಳುವವರು ನಂಬಿದರು.

ದಪ್ಪಗಿರುವವರ ಬಗೆಗಿನ ಈ ಧೋರಣೆ ಹೊಟ್ಟೆಪಾಡಿಗೂ ತಟ್ಟಿದೆ. ತೂಕದ ಕಾರಣಕ್ಕೆ ವಿಮಾನವೇರದಂತೆ ತಡೆಯಲಾಗಿದ್ದ ಗಗನಸಖಿಯರ ಮನವಿಯನ್ನು ದೆಹಲಿ ಹೈಕೋರ್ಟ್ 2007ರಲ್ಲಿ ತಳ್ಳಿಹಾಕಿತು. 2009ರಲ್ಲಿ ಏರ್ ಇಂಡಿಯಾ ಇದೇ ಕಾರಣಕ್ಕೆ ಕೆಲವರನ್ನು ಕೆಲಸದಿಂದಲೇ ತೆಗೆಯಿತು.

ಆರೋಗ್ಯದ ದೃಷ್ಟಿಯಿಂದ ಹೇಳುತ್ತೇವೆ ಎನ್ನುವವರು ವೈದ್ಯರ ಮಾತನ್ನಾದರೂ ಕೇಳಬೇಕು. ಬರೀ ಬಿಎಂಐ ನೋಡಿದರೆ ಸಾಲದು, ಸೊಂಟದ ಸುತ್ತಳತೆ ಮತ್ತು ಜೊತೆಗಿರುವ ಕಾಯಿಲೆಗಳನ್ನೂ ಗಮನಿಸಬೇಕು ಎಂದು ದೆಹಲಿಯ ತಜ್ಞರೂ ಸೇರಿದ ತಂಡ 2025ರ ಜನವರಿಯಲ್ಲಿ ಬೊಜ್ಜಿನ ವ್ಯಾಖ್ಯೆಯನ್ನೇ ಬದಲಿಸಿತು. ಬೈಗುಳ ಯಾವ ಚಿಕಿತ್ಸೆಯಲ್ಲೂ ಸೇರಿಲ್ಲ.

ತೆರೆಯ ಮೇಲೆ ಒಂದು ಬೇರೆ ದಾರಿ ಕಂಡದ್ದು 2015ರ ಹಿಂದಿ ಚಿತ್ರ ‘ದಮ್ ಲಗಾ ಕೆ ಹೈಶಾ’ದಲ್ಲಿ. ಭೂಮಿ ಪೆಡ್ನೇಕರ್ ನಟಿಸಿದ ಸಂಧ್ಯಾ ಬಿ.ಎಡ್. ಓದಿದವಳು. ಗಂಡ ನಾಲ್ಕು ಜನರ ಮುಂದೆ ಅವಳ ಮೈಯನ್ನು ಹೀಗಳೆದಾಗ ಕೆನ್ನೆಗೆ ಬಾರಿಸಿ ತವರಿಗೆ ನಡೆಯುತ್ತಾಳೆ. ದಪ್ಪಗಿರುವವಳನ್ನು ನಗಿಸುವುದಕ್ಕಷ್ಟೇ ಕರೆಯುತ್ತಿದ್ದ ಚಿತ್ರರಂಗದಲ್ಲಿ ಅವಳು ನಾಯಕಿಯಾದಳು, ಕೋಪಿಸಿಕೊಂಡಳು, ಪ್ರೀತಿಯನ್ನೂ ಪಡೆದಳು. ತೂಕ ಇಳಿಸಿಕೊಂಡು ಅದನ್ನು ಗಳಿಸಲಿಲ್ಲ ಎಂಬುದೇ ಆ ಚಿತ್ರದ ದೊಡ್ಡತನ. ಆಮೇಲೆ ಅಂಥ ನಾಯಕಿಯರು ಸಾಲುಗಟ್ಟಿ ಬರಬೇಕಿತ್ತು, ಬರಲಿಲ್ಲ.

ಸಿನಿಮಾ, ಅಂಗಡಿ ಬದಲಾಗಲು ಇನ್ನೂ ಕಾಲ ಬೇಕು. ಮಕ್ಕಳನ್ನು ‘ಡುಮ್ಮಿ’, ‘ಗುಂಡ’ ಎಂದು ಕರೆಯುವುದನ್ನು ಮನೆಯವರು ಇವತ್ತೇ ನಿಲ್ಲಿಸಬಹುದು. ದಯವಿಟ್ಟು ನಿಲ್ಲಿಸಿ.