ಬಿಡದ ಬಾಣ

ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಯೊಬ್ಬನು ನನ್ನನ್ನು ಒಂದು ಪ್ರಶ್ನೆ ಕೇಳಿದನು. "ಕೊಡ ತುಂಬುವ ಸದ್ದನ್ನು ಆನೆಯದೆಂದು ಭ್ರಮಿಸಿ ದಶರಥನು ಬಾಣ ಬಿಟ್ಟನು. ಅಲ್ಲಿದ್ದವನು ಮುನಿಕುಮಾರನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದುದು ಅಪರಾಧವಾಗುವುದು ಹೇಗೆ?" ಕರ್ಮವೆಂದೋ ವಿಧಿಯೆಂದೋ ಏನನ್ನೋ ಹೇಳಿ ನಾನು ಪಾಠವನ್ನು ಮುಂದುವರಿಸಿದೆ. ಅದು ಉತ್ತರವಲ್ಲವೆಂಬುದು ನನಗೆ ಆಗಲೇ ತಿಳಿದಿತ್ತು. ಸರಿಯಾದ ಉತ್ತರವನ್ನು ನಾನು ಬಹು ಹಿಂದೆಯೇ ಹೆಬ್ರಿಯ ಕಾಡಂಚಿನ ಮರವೊಂದರ ಮೇಲೆ ಕಲಿತಿದ್ದೆ, ಹೇಳಲು ನಾಚಿಕೆಯಾಗಿತ್ತು.

ಅದು 1960ರ ದಶಕದ ಮಾತು. ಹೆಬ್ರಿ ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾರ್ಕಳ ತಾಲೂಕಿಗೆ ಸೇರಿದ್ದಿತು. ಸೀತಾನದಿಯ ಕಡೆಯ ಗದ್ದೆಗಳಿಗೆ ಸಂಜೆಯ ಹೊತ್ತು ಕಡವೆಗಳು ಇಳಿದುಬರುತ್ತಿದ್ದವು. ನಮ್ಮ ನೆಂಟರಲ್ಲಿ ಹಿರಿಯರೊಬ್ಬರು ಹಲಸಿನ ಮರದಲ್ಲಿ ಅಟ್ಟಣೆ ಕಟ್ಟಿ, ಬೆಳೆ ಕಾಯುವ ಕೋವಿ ಹಿಡಿದು ಕುಳಿತಿರುತ್ತಿದ್ದರು. ಹತ್ತು ಸಂಜೆ ಕುಳಿತರೆ ಒಂದು ಸಂಜೆ ಗುಂಡು ಹಾರಿಸಿದರೆ ಹೆಚ್ಚು. ಮೃಗವು ಪಕ್ಕೆ ತೋರಿಸಿ ನಿಲ್ಲಬೇಕು. ಮುಂಗಾಲಿನ ಹಿಂಬದಿಯ ಎಡೆ ಸ್ಪಷ್ಟವಾಗಿ ಕಾಣಬೇಕು. ಅದರ ಆಚೆಗೆ ಮನುಷ್ಯನಾಗಲಿ ಮತ್ತೊಂದು ಮೃಗವಾಗಲಿ ಇರಬಾರದು. ಇಷ್ಟೂ ಕೂಡಿಬರದಿದ್ದರೆ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು, ತಮ್ಮದೇ ಪೈರನ್ನು ಅದು ಮೇಯುವುದನ್ನು ನೋಡುತ್ತಿದ್ದರು.

ಒಂದು ಸಂಜೆ ಕೋವಿಯನ್ನು ನನ್ನ ಕೈಗೆ ಕೊಟ್ಟರು. ಕಡವೆಯೊಂದು ನಮ್ಮತ್ತ ಮುಖಮಾಡಿ ನಿಂತಿತು. ಅವರು ಬೇಡವೆಂದು ತಲೆಯಾಡಿಸಿದರು. ನಾನು ಹೊಡೆದೆ. ಅದು ಕುಸಿಯಿತು, ಎದ್ದಿತು, ಕಾಡಿಗೆ ನುಗ್ಗಿತು. ಎರಡು ದಿನ ತರಗೆಲೆಯ ಮೇಲಿನ ನೆತ್ತರ ಹನಿಗಳನ್ನು ಹಿಡಿದು ಅಲೆದೆವು, ಸಿಗಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಕೋವಿಯನ್ನು ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ.

ಕೋವಿಯ ಮಾತೇ ಹೀಗಾದರೆ ಬಿಲ್ಲಿನ ಮಾತು ಇನ್ನೂ ಸೂಕ್ಷ್ಮವಾದುದು. ಅಮೆರಿಕದಲ್ಲಿ ಇಂದಿಗೂ ಮರದ ಮೇಲೆ ಕುಳಿತು ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವವರುಂಟು. ಬಾಣವು ಗುಂಡಿನಂತೆ ಅಪ್ಪಳಿಸಿ ಕೊಲ್ಲುವುದಿಲ್ಲ. ರಕ್ತ ಹರಿಸಿ ಕೊಲ್ಲುತ್ತದೆ. ಎರಡು ಶ್ವಾಸಕೋಶಗಳನ್ನೂ ಭೇದಿಸಿದರೆ ಮೃಗವು ಬೇಗ ಬೀಳುತ್ತದೆ. ಮರದ ನೇರ ಕೆಳಗೆ ನಿಂತ ಮೃಗಕ್ಕೆ ಬಿಟ್ಟ ಬಾಣ ಒಂದನ್ನಷ್ಟೇ ತಾಗಿ ಹೋಗಬಹುದು. ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ನರಳಾಟ. ಇಂದಿನ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರು ಸಾಗಿದರೆ, ಹೆದೆಯ ಸದ್ದು ಸುಮಾರು 340 ಮೀಟರು ಸಾಗುತ್ತದೆ. ಬಾಣ ಮುಟ್ಟುವ ಮೊದಲೇ ಬೆದರಿದ ಜಿಂಕೆ ಕುಗ್ಗಿ ಚಿಮ್ಮುತ್ತದೆ, ಗುರಿ ತಪ್ಪುತ್ತದೆ. ಆದುದರಿಂದ ಅಲ್ಲಿನ ವಿವೇಕಿಗಳು ದೂರದ ಗುರಿಯನ್ನೂ, ಎದುರುಮುಖದ ಗುರಿಯನ್ನೂ, ಓಡುವ ಗುರಿಯನ್ನೂ ಬಿಟ್ಟುಬಿಡುತ್ತಾರೆ. ಕಾಳಿದಾಸನ ಶಾಕುಂತಲದ ಸೇನಾಪತಿಗಾದರೋ ಚಲಿಸುವ ಗುರಿಯನ್ನು ಭೇದಿಸುವುದೇ ಬಿಲ್ಗಾರನ ಹಿರಿಮೆ! ಅದು ಬಿಲ್ಗಾರನ ಕಡೆಯಿಂದ ನೋಡಿದ ಮಾತು. ಜಿಂಕೆಯ ಕಡೆಯಿಂದ ನೋಡಿದುದಲ್ಲ.

ಕೊಲ್ಲುವುದೇ ತಪ್ಪಾಗಿರುವಾಗ ಕೊಲ್ಲುವುದರಲ್ಲಿ ನೀತಿಯೆಲ್ಲಿಯದು ಎಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ ಆ ಪ್ರಶ್ನೆಯನ್ನು ಕಾನೂನೇ ತೀರ್ಮಾನಿಸಿದೆ. ನನಗೂ ಅದು ಒಪ್ಪಿಗೆ. ಹೆಬ್ರಿಯ ನೆರೆಯ ಸೋಮೇಶ್ವರ ಅಭಯಾರಣ್ಯವು 1974ರಲ್ಲಿ ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಪರವಾನಗಿಯ ಬೇಟೆಗೆ ಮೊದಲು ಅವಕಾಶವಿತ್ತಿದ್ದರೂ 1991ರ ತಿದ್ದುಪಡಿ ಅದನ್ನು ಕೊನೆಗೊಳಿಸಿತು. ಅವಕಾಶವಿದ್ದ ದಿನಗಳಲ್ಲಿಯೂ ಆ ಕಾಯಿದೆ ರಾತ್ರಿಯ ಬೇಟೆಯನ್ನೂ, ಮೃಗಗಳು ನೀರು ಕುಡಿಯುವ ಎಡೆಯಲ್ಲಿ ಹೊಂಚುವುದನ್ನೂ ನಿಷೇಧಿಸಿತ್ತೆಂಬುದು ಗಮನಾರ್ಹ. ಸರಯೂತೀರದಲ್ಲಿ ದಶರಥನು ಮಾಡಿದುದು ಈ ಎರಡನ್ನೂ ಅಲ್ಲವೇ?

ಬೇಟೆ ನಿಂತಿತೆಂದು ಆ ನೀತಿಯ ಅಗತ್ಯ ತೀರಲಿಲ್ಲ. ಹಂದಿಗೆಂದು ಒಡ್ಡಿದ ಉರುಳಿನಲ್ಲಿ ಚಿರತೆ ಸಿಕ್ಕಿ ಒದ್ದಾಡಿದ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಉರುಳು ಎಂದರೇನು? ಕಣ್ಣಿಲ್ಲದ ಬಾಣ. ಒಡ್ಡಿದವನು ಮನೆಯಲ್ಲಿ ಮಲಗಿರುತ್ತಾನೆ. ಬಂದುದು ಹಂದಿಯೋ, ಬಸುರಿ ಕಡವೆಯೋ, ನೆರೆಮನೆಯ ಹಸುವೋ ಅವನು ನೋಡುವುದಿಲ್ಲ. ಮರುದಿನ, "ನನಗೆ ಗೊತ್ತಿರಲಿಲ್ಲ" ಎನ್ನುತ್ತಾನೆ. ಬೇಲಿಗೆ ಕದ್ದು ವಿದ್ಯುತ್ತು ಹರಿಸುವವನ ಮಾತೂ ಅದೇ. ಬೆಳೆ ಕಳೆದುಕೊಂಡ ರೈತನ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಹಿರಿಯರಿಗೂ ಆ ಸಂಕಟವಿತ್ತು. ಆದರೆ ಅವರು ನೋಡದೆ ಹೊಡೆಯಲಿಲ್ಲ.

ಆ ವಿದ್ಯಾರ್ಥಿ ಈಗ ಎಲ್ಲಿರುವನೋ ಅರಿಯೆ. ಈ ಪುಟ ಅವನ ಕಣ್ಣಿಗೆ ಬಿದ್ದರೆ, ಬಹುಕಾಲ ತಡವಾದ ಉತ್ತರವನ್ನು ಒಪ್ಪಿಸಿಕೊಳ್ಳಲಿ. ಅಪ್ಪಾ, ಗೊತ್ತಿಲ್ಲದುದು ದಶರಥನ ಅಪರಾಧವಲ್ಲ. ಗೊತ್ತಿಲ್ಲದಿರುವಾಗ ಬಾಣ ಬಿಟ್ಟುದೇ ಅವನ ಅಪರಾಧ. ನನ್ನದಂತೂ ಅವನದಕ್ಕಿಂತ ದೊಡ್ಡದು. ಅವನಿಗೆ ಕತ್ತಲೆಯಿತ್ತು, ಬೇಡವೆನ್ನುವವರಿರಲಿಲ್ಲ. ನನಗೆ ಬೆಳಕಿತ್ತು, ಪಕ್ಕದಲ್ಲಿ ಹಿರಿಯರು ತಲೆಯಾಡಿಸುತ್ತಿದ್ದರು.