ಹುಣಸೆ ಬರಲಿನ ವಕೀಲರಿಗೆ

ಮಕ್ಕಳಿಗೆ ಹೊಡೆಯುವುದನ್ನು ಹೆತ್ತವರಿಗೂ ನಿಷೇಧಿಸಿದ ಮೊದಲ ದೇಶ ಸ್ವೀಡನ್. 1979ರ ಆ ಕಾನೂನನ್ನು ಮೆಚ್ಚಿ ನಾನು ಬರೆದದ್ದು ಹಲವರಿಗೆ ಹಿಡಿಸಿಲ್ಲ. ಬಂದ ಕಾಗದಗಳಲ್ಲಿ ಬೈಗುಳ ಬಿಟ್ಟು ವಾದವನ್ನಷ್ಟೇ ಎತ್ತಿಕೊಳ್ಳುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರು ಮೂರು ಪುಟ ಬರೆದಿದ್ದಾರೆ. ದುಂಡನೆಯ ಅಕ್ಷರ, ಒಂದು ಚಿತ್ತಿಲ್ಲ. ಅವರಿಂದಲೇ ಶುರು ಮಾಡುವುದು ಮರ್ಯಾದೆ.

‘ನೀವೂ ಏಟು ತಿಂದೇ ಓದಿದವರು, ಏನು ಕೆಟ್ಟುಹೋದಿರಿ?’ ಇದು ಮೇಷ್ಟ್ರ ಪ್ರಶ್ನೆ. ತಿಂದಿದ್ದೇನೆ ಸಾರ್. ನಮ್ಮ ಶಾಲೆಯ ಹಿಂದೆ ಹುಣಸೆ ಮರವಿತ್ತು. ಬರಲು ಮುರಿದು ತರುವ ಕೆಲಸ ಹುಡುಗರದ್ದೇ. ಎಲೆ ಸವರಿ, ಗಿಣ್ಣು ಕೆರೆದು, ಗಾಳಿಯಲ್ಲೊಮ್ಮೆ ಬೀಸಿ ಸದ್ದು ಕೇಳಿ ತರಬೇಕು. ತೆಳ್ಳಗಿದ್ದರೆ ಮೊದಲನೇ ಏಟು ತಂದವನಿಗೇ. ನಾನು ತಿಂದದ್ದು ಹದಿನೇಳರ ಮಗ್ಗಿಗೆ. ಆ ಸುಯ್ಯೆನ್ನುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಹದಿನೇಳೆಂಟ್ಲೆ ಎಷ್ಟು ಅಂದರೆ ಮಾತ್ರ ಈಗಲೂ ಮೊಬೈಲ್ ತೆಗೆಯುತ್ತೇನೆ. ಇನ್ನೊಂದು ಮಾತು. ನಮ್ಮ ತರಗತಿಯಲ್ಲಿ ಏಟಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವರೂ ಇದ್ದರು. ಅವರು ಪತ್ರಿಕೆಗೆ ಕಾಗದ ಬರೆಯುವುದಿಲ್ಲ. ‘ಏನೂ ಆಗಲಿಲ್ಲ’ ಎನ್ನುವ ಸಾಕ್ಷಿಗಳೆಲ್ಲ ಪಾಸಾದವರೇ.

ತಮ್ಮ ತಾತನ ಕಾಲದ ಕೂಲಿಮಠದಲ್ಲಿ ಹುಡುಗರನ್ನು ಹಗ್ಗಕ್ಕೆ ಜೋತುಬೀಳಿಸುತ್ತಿದ್ದ ಕೋದಂಡದ ಶಿಕ್ಷೆ ‘ಅತಿಯಾಯಿತು’ ಎಂದು ಮೇಷ್ಟ್ರೇ ಒಪ್ಪಿದ್ದಾರೆ. ಅಲ್ಲಿಗೆ ಗೆರೆ ಹಿಂದಕ್ಕೆ ಸರಿಯಬಹುದು ಅನ್ನುವುದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ಎಲ್ಲಿಯವರೆಗೆ ಎಂಬುದಷ್ಟೇ ಜಗಳ.

ಬರಲು ತರಿಸುವುದು ನಮ್ಮೂರಿನ ಪದ್ಧತಿ ಮಾತ್ರವಲ್ಲ ಎಂದು ನನಗೆ ಗೊತ್ತಾದದ್ದು ಸ್ವೀಡನ್ನಿನ ಮಕ್ಕಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರಿಂದ. 1978ರಲ್ಲಿ ಜರ್ಮನಿಯ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಪಡೆದಾಗ ಫ್ರಾಂಕ್‌ಫರ್ಟಿನಲ್ಲಿ ಅವರೊಂದು ಕಥೆ ಹೇಳಿದರು. ತಪ್ಪು ಮಾಡಿದ ಪುಟ್ಟ ಹುಡುಗನಿಗೆ ತಾಯಿ, ನಿನ್ನ ಏಟಿಗೆ ನೀನೇ ಬೆತ್ತ ಹುಡುಕಿ ತಾ ಅಂದಳು. ಬಹಳ ಹೊತ್ತಾದ ಮೇಲೆ ಹುಡುಗ ಅಳುತ್ತ ಬಂದ. ಬೆತ್ತ ಸಿಕ್ಕಿರಲಿಲ್ಲ. ಬದಲಿಗೆ ಒಂದು ಕಲ್ಲು ತಂದಿದ್ದ, ಅಮ್ಮ ಬೇಕಾದರೆ ಇದನ್ನೇ ತನ್ನ ಮೇಲೆ ಎಸೆಯಲಿ ಎಂದು. ಅಮ್ಮನಿಗೆ ನೋಯಿಸುವುದೇ ಬೇಕಿದ್ದರೆ ಕಲ್ಲಾದರೇನು ಅನ್ನುವುದು ಅವನ ಲೆಕ್ಕ. ಆ ಕಲ್ಲು ಮುಂದೆ ಆ ಮನೆಯ ಅಡುಗೆಮನೆಯ ಹಲಗೆಯ ಮೇಲೆ ಉಳಿಯಿತಂತೆ.

ಎರಡನೇ ಆಕ್ಷೇಪಣೆ ವಕೀಲರೊಬ್ಬರದು: ‘ಒಂದು ಪೆಟ್ಟು ಕೊಟ್ಟ ಅಪ್ಪ ಅಮ್ಮನನ್ನು ಜೈಲಿಗೆ ಹಾಕುವುದು ಯಾವ ನ್ಯಾಯ?’ ವಕೀಲರು ಕಾನೂನು ಓದದೆ ವಾದಿಸಬಾರದು. ಸ್ವೀಡನ್ನಿನ ಪೋಷಕರ ಸಂಹಿತೆಗೆ 1979ರಲ್ಲಿ ಸೇರಿದ ಆ ಮಾತುಗಳಲ್ಲಿ ಶಿಕ್ಷೆ ಎಂಬುದೇ ಇಲ್ಲ. ದಂಡವಿಲ್ಲ, ಜೈಲಿಲ್ಲ. ಮಗುವನ್ನು ಹೊಡೆಯಬಾರದು, ಅವಮಾನಿಸಬಾರದು ಎಂದಷ್ಟೇ ಅದು ಹೇಳುತ್ತದೆ. ನಿಜವಾದ ಹಲ್ಲೆ ನಡೆದರೆ ನೋಡಿಕೊಳ್ಳಲು ಅಪರಾಧ ಸಂಹಿತೆ ಬೇರೆಯೇ ಇದೆ. ಹಾಗಾದರೆ ಈ ಕಲಮು ಯಾಕೆ ಬೇಕಾಯಿತು? ಹೆತ್ತವರು ಹೊಡೆಯಬಹುದು ಎಂಬ ರಿಯಾಯಿತಿಯನ್ನು ಅವರು 1957ರಲ್ಲಿ, ಮತ್ತೆ 1966ರಲ್ಲಿ, ಸದ್ದಿಲ್ಲದೆ ಅಳಿಸಿಹಾಕಿದ್ದರು. ಅಳಿಸಿದ್ದು ಯಾರಿಗೂ ತಿಳಿಯಲಿಲ್ಲ. 1975ರಲ್ಲಿ ಮೂರು ವರ್ಷದ ಮಗಳನ್ನು ಬಡಿದ ತಂದೆಯನ್ನು ಅಲ್ಲಿನ ಜಿಲ್ಲಾ ನ್ಯಾಯಾಲಯ ಬಿಟ್ಟುಬಿಟ್ಟಿತು, ಶಿಕ್ಷಿಸುವ ಹಕ್ಕನ್ನು ಆತ ಮೀರಿದ್ದು ಸಾಬೀತಾಗಿಲ್ಲ ಎಂದು. ಇಲ್ಲದ ಹಕ್ಕನ್ನು ಮೀರುವುದು ಹೇಗೆ! ಆಮೇಲೆ ಅವರು ಬಾಯಿಬಿಟ್ಟು ಹೇಳಲು ನಿರ್ಧರಿಸಿದರು. ಸಂಸತ್ತಿನಲ್ಲಿ ಪರವಾಗಿ ಬಿದ್ದ ಮತ 259, ವಿರುದ್ಧ 6.

ಹೇಳಿದ ರೀತಿಯೇ ನನಗೆ ಬಹಳ ಹಿಡಿಸಿದ್ದು. ಮಕ್ಕಳಿರುವ ಮನೆಗಳಿಗೆ ಕಿರುಹೊತ್ತಗೆ ಕಳಿಸಿದರು, ವಲಸಿಗರ ಭಾಷೆಗಳಲ್ಲೂ. ಹಾಲಿನ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. ಬೆಳಗಿನ ತಿಂಡಿ ಹೊತ್ತಿಗೆ ಪೊಟ್ಟಣ ಮೇಜಿನ ನಡುವೆ. ಈಚೆ ಅಪ್ಪ, ಆಚೆ ಮಗ. ಇಬ್ಬರೂ ಒಂದೇ ಕಾನೂನು ಓದುತ್ತಿದ್ದಾರೆ. ನಮ್ಮಲ್ಲಿ ಕಾಯ್ದೆ ರಾಜ್ಯಪತ್ರದಲ್ಲಿ ಹುಟ್ಟಿ ಅಲ್ಲೇ ಮಲಗುತ್ತದೆ.

‘ನಾರ್ವೆಯಲ್ಲಿ ನಮ್ಮವರ ಮಕ್ಕಳನ್ನು ಕಿತ್ತುಕೊಂಡರಲ್ಲ?’ ಎಂದು ಮೂವರು ಕೇಳಿದ್ದಾರೆ, 2023ರ ಹಿಂದಿ ಸಿನಿಮಾ ನೋಡಿದ ಬಿಸಿಯಲ್ಲಿ. ನಾರ್ವೆ ಬೇರೆ ದೇಶ, ಮಗುವನ್ನು ಸರ್ಕಾರದ ವಶಕ್ಕೆ ಪಡೆಯುವ ಕಾನೂನೂ ಬೇರೆ. ಅಂಥ ಅಧಿಕಾರಿಗಳು ದುಡುಕಬಹುದು, ಪರದೇಶದ ಮನೆಯ ರೀತಿನೀತಿ ಅರ್ಥವಾಗದೆ ತಪ್ಪೂ ಮಾಡಬಹುದು. ಆ ದುಡುಕನ್ನು ಪ್ರಶ್ನಿಸಿ, ನಾನೂ ನಿಮ್ಮ ಜೊತೆಗಿದ್ದೇನೆ. ಹೊಡೆಯುವ ಹಕ್ಕಿಗೆ ಅದು ಸಮರ್ಥನೆ ಆಗುವುದಿಲ್ಲ.

‘ಸ್ವೀಡನ್ನಿನ ಹುಡುಗರು ಈಗ ಬಂದೂಕು ಹಿಡಿದಿದ್ದಾರೆ, ಏಟಿಲ್ಲದ್ದರ ಫಲ’ ಎಂಬ ವಾದಕ್ಕೆ ಒಂದೇ ಸಾಲಿನ ಉತ್ತರ ಸಾಕು: 1983ರಲ್ಲೇ ನಿಷೇಧಿಸಿದ ಪಕ್ಕದ ಫಿನ್ಲೆಂಡಿನಲ್ಲಿ ಆ ಗ್ಯಾಂಗುಗಳ ಹಾವಳಿ ಯಾಕೆ ಹಾಗಿಲ್ಲ?

‘ಕಾನೂನಿನಿಂದ ಮನಸ್ಸು ಬದಲಾಗದು’ ಎನ್ನುವವರ ಮಾತು ಹಗುರವಾದದ್ದಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಸುಮಾರು ಅರ್ಧ ಜನ ಏಟಿಲ್ಲದೆ ಮಕ್ಕಳನ್ನು ಬೆಳೆಸಲಾಗದು ಎನ್ನುತ್ತಿದ್ದರು. 1990ರ ದಶಕಕ್ಕೆ ಹಾಗನ್ನುವವರು ಹತ್ತರಲ್ಲಿ ಒಬ್ಬರಷ್ಟಾದರು. ಇದರ ಪೂರ್ತಿ ಕೀರ್ತಿ ಕಾನೂನಿಗೆ ಸಲ್ಲದು, ಇಳಿಕೆ ಮುಂಚೆಯೇ ಶುರುವಾಗಿತ್ತು. ಆದರೆ ಜನರೆಲ್ಲ ಒಪ್ಪಿದ ಮೇಲೇ ಕಾನೂನು ಬರಲಿ ಎಂದು ಕೂತರೂ ಆಗದು. ನ್ಯೂಜಿಲೆಂಡ್ 2007ರಲ್ಲಿ ಇಂಥದೇ ಕಾಯ್ದೆ ತಂದಿತು. 2009ರ ಜನಾಭಿಪ್ರಾಯ ಸಂಗ್ರಹದಲ್ಲಿ ಶೇಕಡ 87ರಷ್ಟು ಮತ ಅದಕ್ಕೆ ವಿರುದ್ಧವಾಗಿ ಬಿತ್ತು. ಸರ್ಕಾರ ಕಾಯ್ದೆಯನ್ನು ಉಳಿಸಿಕೊಂಡಿತು. ಪ್ರಜಾಪ್ರಭುತ್ವವಾದಿಗಳು ನನ್ನನ್ನು ಬೈಯಲಿ. ಆ ಸಂಗ್ರಹದಲ್ಲಿ ಏಟು ತಿನ್ನುವವರಿಗೆ ಮತವಿರಲಿಲ್ಲ.

ಉಳಿದದ್ದು ‘ದಂಡಂ ದಶಗುಣಂ, ಇದು ನಮ್ಮ ಸಂಸ್ಕೃತಿ’ ಎಂಬುದು. ನಮ್ಮಷ್ಟೇ ಗುರುಹಿರಿಯರ ಭಯಭಕ್ತಿ ಇರುವ ನೇಪಾಳ 2018ರಲ್ಲಿ ಮನೆಯಲ್ಲೂ ಹೊಡೆತ ನಿಷೇಧಿಸಿತು. ನಮ್ಮ ದೇಶದಲ್ಲಿ ಹೊಡೆಯುವ ಹೆತ್ತವರಿಗೆ ಸಿಗುವ ಆಸರೆ ಎಲ್ಲಿಯದು ಗೊತ್ತೇ? 1860ರ ಬ್ರಿಟಿಷರ ದಂಡಸಂಹಿತೆಯದು. ಹನ್ನೆರಡರೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎನ್ನುವ ಅದರ 89ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 27 ಎಂದು ನಂಬರು ಬದಲಿಸಿಕೊಂಡು ಕೂತಿದೆ. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಸ್ವೀಡನ್ನಿನ ಕಾನೂನು ಜಾರಿಯಾದದ್ದೂ ಜುಲೈ 1ಕ್ಕೇ, ನಲವತ್ತೈದು ವರ್ಷ ಮುಂಚೆ. ಶಾಲೆಗೆ ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಇದೆ. ಹದಿನೇಳರ ಮಗ್ಗಿ ಬಾರದ್ದಕ್ಕೆ ಶಾಲೆಯಲ್ಲಿ ಹೊಡೆದರೆ ಶಿಸ್ತುಕ್ರಮ. ಅದೇ ಮಗುವಿಗೆ ಸಂಜೆ ಮನೆಯಲ್ಲಿ ಹೊಡೆದರೆ ಅದು ಶಿಸ್ತು.

ಮೇಷ್ಟ್ರೇ, ನಿಮ್ಮ ಮೂರನೇ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿದೆ. ಮೊಮ್ಮಗಳ ಮೇಲೆ ಮಾತ್ರ ಕೈ ಎತ್ತಲು ನಿಮಗೆ ಮನಸ್ಸು ಬಾರದು ಎಂದು. ಅವಳಿಗೆ ಮಗ್ಗಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಬರೆದಿಲ್ಲ. ದಯವಿಟ್ಟು ತಿಳಿಸಿ.